ಹಂಪಿಯಿಂದ ಹೊರಡದ ಸೈನ್ಯ

ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಬಂದವನಿಗೆ ಐವತ್ತು ಹುಡುಗರಿಗೆ ಇತಿಹಾಸ ಹೇಳುವುದು ಯಾವ ಮಹಾ ಕೆಲಸ? ನೀರು ಕುಡಿದಷ್ಟು ಸುಲಭ ಎಂದುಕೊಂಡೇ ನಾನು ಕೂಡ್ಲಿಗಿಯ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಸೇರಿದೆ. ನೌಕರಿಯಲ್ಲಿದ್ದಾಗಲೇ ಅಂಚೆಯ ಮೂಲಕ ಓದಿದ ಎಂ.ಎ. ಇತ್ತು, ಇಸ್ತ್ರಿ ಹಾಕಿದ ಅಂಗಿ ಇತ್ತು, ಮೀಸೆ ಇತ್ತು. ಇನ್ನೇನು ಬೇಕು!

ಊರಲ್ಲೆಲ್ಲ ನನ್ನನ್ನು ‘ಮಿಲ್ಟ್ರಿ ಕೊಟ್ರೇಶಪ್ಪ’ ಎನ್ನುತ್ತಿದ್ದರು. ನನಗೆ ‘ಕೊಟ್ರೇಶಪ್ಪ ಮೇಷ್ಟ್ರು’ ಎನ್ನಿಸಿಕೊಳ್ಳುವ ಆಸೆ. ಚಿಕ್ಕಂದಿನಿಂದಲೂ ಇದ್ದ ಆಸೆ ಅದು.

ಮೊದಲ ಪಾಠ ತಾಳಿಕೋಟೆ ಯುದ್ಧ. ಪುಸ್ತಕದಲ್ಲಿ ‘ವಿಜಯನಗರದ ಸೈನ್ಯ ಹಂಪಿಯಿಂದ ಹೊರಟಿತು’ ಎಂದು ಬರೆದಿತ್ತು. ಒಂದೇ ಸಾಲು! ನನಗೆ ಸಿಟ್ಟು ನೆತ್ತಿಗೇರಿತು. ಸೈನ್ಯವೆಂದರೆ ಹೆಗಲಿಗೆ ಚೀಲ ಹಾಕಿಕೊಂಡು ಸಂತೆಗೆ ಹೋಗುವ ಮಂದಿಯೇ? ಕುದುರೆಗೆ ಹುರುಳಿ ಯಾರು ಕೊಡುತ್ತಾರೆ? ಬಂಡಿಗಳ ಕೀಲಿಗೆ ಎಣ್ಣೆ ಯಾರು ಹಾಕುತ್ತಾರೆ? ನಾನಿದ್ದದ್ದು ರೇಷನ್ ವಿಭಾಗದಲ್ಲಿ. ಗುಂಡು ಹಾರಿಸಿದ್ದಕ್ಕಿಂತ ಅಕ್ಕಿ ಅಳೆದದ್ದೇ ಹೆಚ್ಚು. ಆ ಒಂದು ಸಾಲನ್ನು ಹಿಡಿದು ಸವಿಸ್ತಾರವಾಗಿ ವಿವರಿಸತೊಡಗಿದೆ. ಜುಲೈ ಹೋಯಿತು, ಆಗಸ್ಟ್ ಹೋಯಿತು.

ಪಾಠ ಮುಗಿದ ಮೇಲೆ ಸೈನ್ಯದಲ್ಲಿ ಒಂದು ಪದ್ಧತಿಯುಂಟು. ತರಬೇತಿ ಕೊಡುವ ಉಸ್ತಾದ್ “ಕೋಯಿ ಶಕ್?” ಎಂದು ಗುಡುಗುತ್ತಾನೆ, ಏನಾದರೂ ಸಂಶಯವೇ ಅಂತ. ಎಲ್ಲರೂ ಒಂದೇ ಉಸಿರಿಗೆ ಇಲ್ಲವೆನ್ನಬೇಕು. ಅದನ್ನೇ ಇಲ್ಲಿಯೂ ಜಾರಿಗೆ ತಂದೆ. ಮೊದಲ ದಿನ ಹಾಲೇಶ ಎಂಬ ಹುಡುಗ, “ಐತ್ರಿ ಸರ್, ಒಂದು ಐತಿ” ಎಂದು ಕೈ ಎತ್ತಿದ. ಮೈದಾನ ಒಂದು ಸುತ್ತು ಓಡಿಸಿದೆ. ಮರುದಿನದಿಂದ ಆ ತರಗತಿಯಲ್ಲಿ ಸಂಶಯವೆಂಬುದು ಬೇರುಸಹಿತ ನಿರ್ನಾಮವಾಯಿತು!

“ಐವತ್ತು ಮಂದ್ಯಾಗ ಒಬ್ಬರಿಗೂ ಸಂಶಯ ಇಲ್ಲ ನೋಡು! ಅಂಥಾ ಪಾಠ!” ಎಂದು ಹೆಂಡತಿ ಗೌರಮ್ಮನ ಮುಂದೆ ಮೀಸೆ ತಿರುವಿದೆ.

ಅವಳು ರೊಟ್ಟಿ ಬಡಿಯುತ್ತಲೇ, “ನಾನೂ ನಿಮ್ಮನ್ನ ಏನೂ ಕೇಳಂಗಿಲ್ಲಲ್ರಿ” ಅಂದಳು. “ಕೇಳಿದ್ರ ಮತ್ತ ಮೊದಲಿಂದ ಶುರು ಮಾಡ್ತೀರಿ.”

ಇಷ್ಟರಲ್ಲಿ ಪ್ರಿನ್ಸಿಪಾಲರು ಕರೆದು ಬಾಂಬು ಹಾಕಿದರು. “ಸೋಮವಾರ ಯೂನಿವರ್ಸಿಟಿಯವರು ತಪಾಸಣೆಗೆ ಬರ್ತಾರ್ರಿ. ನಿಮ್ಮ ಕ್ಲಾಸಿಗೇ ಕರಕೊಂಡು ಬರ್ತೀನಿ. ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳೋದು ಬಿಡೋದು ಅವರ ಮಾತಿನ ಮ್ಯಾಲೆ ಐತಿ.”

ನಾನು ಹೆದರುವ ಕುಳವೇ? ಎರಡು ದಿನ ಹುಡುಗರಿಗೆ ತಾಲೀಮು ಮಾಡಿಸಿದೆ. ಪಾಠದ್ದಲ್ಲ, ಕೂಗುವುದರದು!

ಸೋಮವಾರ ಕನ್ನಡಕದ ಮೇಡಂ ಒಬ್ಬರು ಬಂದರು. ನನ್ನ ಪಾಠ ಕೇಳಿದರು. ಕೊನೆಗೆ ನಾನು “ಸಂಶಯ?” ಎಂದೆ. “ಇಲ್ಲ ಸರ್!” ಎಂದು ಐವತ್ತು ಕಂಠಗಳು ಸಿಡಿದವು. ಮೇಡಂ ಕೈಯಲ್ಲಿದ್ದ ಚಹಾ ಅರ್ಧ ಪ್ರಿನ್ಸಿಪಾಲರ ಪ್ಯಾಂಟಿನ ಮೇಲಿತ್ತು.

ಮೇಡಂ ಸಾವರಿಸಿಕೊಂಡು ಹಾಲೇಶನನ್ನು ಎಬ್ಬಿಸಿದರು. “ಯುದ್ಧದಲ್ಲಿ ಗೆದ್ದವರು ಯಾರಪ್ಪಾ?”

“ಗೊತ್ತಿಲ್ರಿ ಮೇಡಂ.”

“ಯಾರ ಯಾರ ನಡುವೆ ನಡೆಯಿತು?”

“ಅಲ್ಲಿಗೆ ಇನ್ನಾ ಹೋಗಿಲ್ರಿ. ಸೈನ್ಯ ಹಂಪಿ ಬಿಟ್ಟಿಲ್ಲ. ಆನಿಗೆ ನೀರು ಕುಡಿಸಾಕ ಹತ್ತೀವ್ರಿ.”

“ಎಷ್ಟು ದಿನದಿಂದ?”

“ಗಣೇಶನ ಹಬ್ಬದಿಂದ್ರಿ!”

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಕಪ್ಪುಹಲಗೆಯನ್ನು ನೋಡಿದೆ. ಅಲ್ಲಿ ನನ್ನ ಕೈಬರಹದಲ್ಲೇ ‘ಹುರುಳಿ’ ಎಂದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರು ಆಗುವ ಕನಸು ಅಲ್ಲೇ ಮಣ್ಣು ಮುಕ್ಕಿತು.

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು ವರದಿ ಬರೆದರು: ‘ಶಿಸ್ತು ಅತ್ಯುತ್ತಮ. ಪಾಠ ಇನ್ನೂ ಹೊರಟಿಲ್ಲ.’

ಸಂಜೆ ಪ್ರಿನ್ಸಿಪಾಲರು ಚಹಾ ಕಲೆಯ ಪ್ಯಾಂಟಿನಲ್ಲೇ ತೀರ್ಪು ಕೊಟ್ಟರು. “ನಿಮ್ಮನ್ನ ಈಗ ತೆಗಿಯಂಗಿಲ್ರಿ. ಆದ್ರ ಒಂದು ತಿಂಗಳು ನಮ್ಮ ಇನ್ನೊಬ್ಬ ಇತಿಹಾಸದ ಲೆಕ್ಚರರ್ ಸರೋಜಾ ಮೇಡಂ ಪಾಠ ಹೇಳ್ತಾರ. ನೀವು ಕಡೀ ಬೆಂಚಿಗೆ ಕುಂತು ಕೇಳ್ರಿ. ಕಲಿತ್ರ ನೋಡೋಣು.”

ಸರೋಜಾ ಮೇಡಂಗೆ ನನ್ನ ಮಗಳ ವಯಸ್ಸು. ನನ್ನ ಕೈಯಲ್ಲಿ ಎರಡು ತಿಂಗಳು ಕದಲದ ಸೈನ್ಯವನ್ನು ನಲವತ್ತೇ ನಿಮಿಷದಲ್ಲಿ ಹೊರಡಿಸಿ, ಕೃಷ್ಣಾ ನದಿ ಮುಟ್ಟಿಸಿ, ಸೋಲಿಸಿಯೂ ಬಿಟ್ಟರು! ಆಮೇಲೆ ಮೆತ್ತಗೆ, “ಏನಾರ ಕೇಳೋದು ಐತೇನ್ರಪ್ಪಾ?” ಅಂದರು.

ಹನ್ನೊಂದು ಕೈಗಳು ಮೇಲೆದ್ದವು. ನನ್ನದೇ ಹುಡುಗರು! ಹಾಲೇಶನೊಬ್ಬನೇ ಮೂರು ಪ್ರಶ್ನೆ ಕೇಳಿದ. ಗಂಟೆ ಹೊಡೆದರೂ ಮುಗಿಯಲಿಲ್ಲ.

ನನಗೂ ಒಂದು ಸಂಶಯವಿತ್ತು. ಎಲ್ಲಿ ನನ್ನನ್ನೂ ಮೈದಾನ ಸುತ್ತು ಓಡಿಸಿಬಿಡುತ್ತಾರೋ ಎಂದು ಹೆದರಿ ಕೇಳಲಿಲ್ಲ!