ನನ್ನ ಹುಲ್ಲು, ನಮ್ಮತ್ತೆಯ ಕೋಲು

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವುದು ಹುಲ್ಲು ಒಂದೇ. ಇದನ್ನು ಹೊಟ್ಟೆಯುರಿಗೆ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಮನೆ ಅತ್ತೆಯದು. ಬೀಗದ ಕೈ ಹೆಂಡತಿಯದು. ಟೀವಿ ರಿಮೋಟು ಯಾರ ಕೈಯಲ್ಲಿದೆಯೋ ಅವರದು, ಮತ್ತು ಅದು ನನ್ನ ಕೈಗೆ ಬಂದ ದಾಖಲೆಯಿಲ್ಲ. ಮನೆಅಳಿಯನಾಗಿ ಕಾಲಿಟ್ಟಂದಿನಿಂದ ಈ ಕಾಂಪೌಂಡಿನೊಳಗೆ ನನ್ನದು ಅಂತ ಇರುವುದು ಹಿತ್ತಲಿನ ಒಂದು ತುಂಡು ಹುಲ್ಲುಹಾಸು. ನೀರು ಹಾಕಿದರೆ ಬೆಳೆಯುತ್ತದೆ, ಕತ್ತರಿಸಿದರೆ ಸುಮ್ಮನಿರುತ್ತದೆ, ಎದುರು ಮಾತಾಡುವುದಿಲ್ಲ. (ನಾನೂ ಹಾಗೇ ಇದ್ದೇನೆ. ಅದಕ್ಕೇ ನಮ್ಮಿಬ್ಬರಿಗೂ ಹೊಂದಿಕೊಂಡಿದೆ.)

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಹುಲ್ಲು ಮಾತ್ರ ಮದುವೆಗೇ ಒದಗಿಬಂತು. ನಾದಿನಿಯ ಮಗಳಿಗೆ ಗಂಡು ಗೊತ್ತಾದ ದಿನವೇ ಆ ಹುಡುಗಿ ಘೋಷಿಸಿಬಿಟ್ಟಳು:

"ಛತ್ರ ಗಿತ್ರ ಏನೂ ಬೇಡ. ಅಜ್ಜಿ ಮನೆ ಹಿತ್ತಲಲ್ಲೇ ಮದ್ವೆ. ದೊಡ್ಡಪ್ಪನ ಹುಲ್ಲಿನ ಮೇಲೆ ಅಜ್ಜಿ ಕೈ ಹಿಡ್ಕೊಂಡು ವೇದಿಕೆ ತನಕ ನಡ್ಕೊಂಡು ಬರ್ತೀನಿ. ಅಜ್ಜಿ ಬರ್ಲಿಲ್ಲ ಅಂದ್ರೆ ನಾನೂ ಬರಲ್ಲ."

ಅವಳು ಹಾಗಂದದ್ದರಲ್ಲಿ ತಪ್ಪೇನಿಲ್ಲ. ಅವರಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆ ಮಗು ಬೆಳೆದದ್ದು ನಮ್ಮತ್ತೆಯ ಸೊಂಟದ ಮೇಲೆ. ಆದರೆ ನನ್ನ ಕಿವಿಗೆ ಬಿದ್ದದ್ದು 'ದೊಡ್ಡಪ್ಪನ ಹುಲ್ಲು' ಎಂಬ ಭಾಗ ಮಾತ್ರ. ಒಂದು ಪ್ರಾಣಿ ನನ್ನ ಹೆಸರಿನಲ್ಲಿ ಆಸ್ತಿ ಇದೆಯೆಂದು ಒಪ್ಪಿಕೊಂಡಿತಲ್ಲ! ಅಂದಿನಿಂದ ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದವನೇ ಹಿತ್ತಲಿಗೆ ಓಡುತ್ತಿದ್ದೆ. ಕಳೆ ಕಿತ್ತೆ, ಬೋಳು ಬಿದ್ದ ಕಡೆ ಹೊಸ ಬೇರು ನೆಟ್ಟೆ, ಒಣಗಿದ ಎಲೆಗಳನ್ನು ಹಳೇ ಬಾಚಣಿಗೆಯಲ್ಲಿ ಬಾಚಿದೆ.

"ಅಲ್ಲಾ ರೀ," ಎಂದಳು ಹೆಂಡತಿ ಕಿಟಕಿಯಿಂದ, "ನಂಗೆ ಒಂದು ದಿನಾನಾದ್ರೂ ಹೀಗೆ ತಲೆ ಬಾಚಿದೀರಾ?"

"ನೀನು ಬಾಚೋವಾಗ ಸುಮ್ನಿರ್ತೀಯೇನೇ?"

ಆ ಸಂಜೆಯ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಮದುವೆಗೆ ವಾರವಿದೆ ಎನ್ನುವಾಗ ರಿಹರ್ಸಲ್ ಎಂಬ ಹೊಸ ಪೀಡೆ ವಕ್ಕರಿಸಿತು. ನಮ್ಮ ಕಾಲದಲ್ಲಿ ರಿಹರ್ಸಲ್ ಇಲ್ಲದೆ ನೇರವಾಗಿ ರಂಗಕ್ಕೇ ಇಳಿದೆವು. (ಅದಕ್ಕೇ ಇವತ್ತಿಗೂ ಎಲ್ಲಾ ಡೈಲಾಗೂ ಅವಳದೇ.) ಆದರೆ ಈ ರಿಹರ್ಸಲ್ಲಿಗೆ ಒಂದು ಕಾರಣವಿತ್ತು. ಅತ್ತೆಯ ಮಂಡಿ ಸರಿಯಿಲ್ಲ, ಕೋಲಿಲ್ಲದೆ ನಡೆಯಲಾರರು. ಜಗಲಿಯಿಂದ ಹಿತ್ತಲಿನ ಆ ತುದಿಯ ವೇದಿಕೆಯವರೆಗೆ ಅವರು ನಡೆದಾರೇ, ಇಲ್ಲವೇ? ಕೇಳಿದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ನಡಿಯೋದೇನು, ಓಡ್ಕೊಂಡೇ ಬರ್ತೀನಿ."

ನಡೆಯುವ ಅತ್ತೆಗಿಲ್ಲದ ಚಿಂತೆ ತುಳಿಸಿಕೊಳ್ಳುವ ಹುಲ್ಲಿನ ಪರವಾಗಿ ನನಗಿತ್ತು. ಮದುವೆಯ ದಿನ ಊರೆಲ್ಲ ತುಳಿಯಲಿ, ಸಹಿಸಿಕೊಂಡೇನು. ಅದಕ್ಕೆ ಮುಂಚೆಯೇ ತುಳಿದು ಹಾಳು ಮಾಡುವುದೆಂದರೇನು? ಭಾನುವಾರ ಬೆಳಗ್ಗೆಯೇ ಎದ್ದು ಹುಲ್ಲಿನ ಸುತ್ತ ಗೂಟ ಹೊಡೆದೆ, ದಾರ ಕಟ್ಟಿದೆ, 'ಹುಲ್ಲು ತುಳಿಯಬೇಡಿ' ಎಂದು ದಪ್ಪಕ್ಷರದ ಫಲಕ ನೆಟ್ಟೆ. ಬಂದವರ ಕಣ್ಣಿಗೆ ಹಸಿರಾಗಿ ಕಾಣಲೆಂದು ಕೊಳವೆ ಹಿಡಿದು ಧಾರಾಳವಾಗಿ ನೀರನ್ನೂ ಕುಡಿಸಿದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಹೆಂಡತಿ ಆ ದಾರದ ಮೇಲೆ ಒದ್ದೆ ಟವೆಲ್ಲು ಹರವಿದ್ದಳು.

ರಿಹರ್ಸಲ್ ಸುರುವಾಯಿತು. ವೇದಿಕೆಯ ಜಾಗಕ್ಕೆ ಹೋಗಬೇಕಿದ್ದ ಮದುಮಗನನ್ನು ಹುಲ್ಲಿಗಿಳಿಯಲು ನಾನು ಬಿಡಲಿಲ್ಲ. ಪಾಪ, ಒಳ್ಳೆಯ ಹುಡುಗ. ಕಾಂಪೌಂಡಿಗೆ ಬೆನ್ನು ಹಚ್ಚಿ ಏಡಿಯ ಹಾಗೆ ಅಡ್ಡಡ್ಡ ಸರಿದು ಆ ತುದಿ ಮುಟ್ಟಿದ. ಹೊಸ ಷರಟಿನ ಬೆನ್ನೆಲ್ಲ ಸುಣ್ಣ.

"ಭಾವ, ಇದೇನು ಮದ್ವೆ ಮನೇನೋ ಗಡಿ ಠಾಣೆನೋ?" ಎಂದಳು ನಾದಿನಿ.

"ನಡಿಗೆಯನ್ನ ಜಗಲಿ ಮೇಲೇ ಪ್ರಾಕ್ಟೀಸ್ ಮಾಡಿ. ದೂರ ಎರಡೂ ಒಂದೇ," ಎಂದೆ ನಾನು ಘನಗಂಭೀರವಾಗಿ.

"ದೂರ ಒಂದೇನಾ? ಜಗಲಿ ಅಳತೆಗೆ ಮದ್ವೆ ಆದ್ರೆ ಇವಳು ಗಂಡನ್ನ ಮುಟ್ಟೋಕೆ ಹನ್ನೆರಡು ಸಲ ಹೋಗಿಬಂದು ಮಾಡ್ಬೇಕು," ಎಂದಳು ಹೆಂಡತಿ. "ರೀ, ನಿಮ್ ಹುಲ್ಲನ್ನೇನು ಹಸು ಮೇಯುತ್ತಾ? ಸರೀರಿ ಆ ಕಡೆ."

ಕೊನೆಗೆ ಮದುಮಗಳು ದಾರವನ್ನು ತಾನೇ ಮೇಲೆತ್ತಿದಳು. "ದೊಡ್ಡಪ್ಪ, ಅಜ್ಜಿ ಒಂದ್ಸಲ ನಡೀಲೇಬೇಕು. ಇಲ್ಲಾಂದ್ರೆ ನಂಗೆ ಇವತ್ತು ನಿದ್ದೆ ಬರಲ್ಲ."

ಅವಳ ಮುಖ ನೋಡಿ ನನಗೆ ಬೇಡ ಅನ್ನಲಾಗಲಿಲ್ಲ. ಎಲ್ಲರೂ, ರಿಹರ್ಸಲ್ಲಿಗೂ ಕರೆಸಿದ್ದ ಫೋಟೋದವನೂ ಸೇರಿ, ಜಗಲಿಯ ಮೇಲೆ ಸಾಲಾಗಿ ನಿಂತರು. ಅತ್ತೆ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ಕೋಲನ್ನೂ ಹಿಡಿದು ಹುಲ್ಲಿಗೆ ಇಳಿದರು.

ಆ ಕೋಲಿನ ತುದಿಯ ರಬ್ಬರು ಎಂದೋ ಉದುರಿಹೋಗಿತ್ತು. ನೆಲ ನಾನೇ ಕುಡಿಸಿದ ನೀರಿನಿಂದ ಮೆತ್ತಗಾಗಿತ್ತು. ಕೋಲು ಊರಿದರು, ಒಳಗಿಳಿಯಿತು. ಎಳೆದರು, ಪಚಕ್ ಎಂದಿತು. ಬೆರಳು ಹೋಗುವಷ್ಟು ತೂತು! ಇನ್ನೊಂದು ಹೆಜ್ಜೆ, ಇನ್ನೊಂದು ತೂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಣ್ಣೆದುರೇ ನಡೆಯುತ್ತಿತ್ತು. ವೇದಿಕೆ ಮುಟ್ಟುವುದರೊಳಗೆ ನನ್ನ ಹುಲ್ಲು ಜರಡಿಯಾಗುವುದು ಖಚಿತ. ಅತ್ತೆ ಯಾಕೋ ಅಲ್ಲೇ ತಡೆದು ನಿಂತರು. ಕೋಲು ಮತ್ತೆ ಮೇಲೆದ್ದಿತು.

"ತಾಳಿ ಅತ್ತೆ!"

ಹಾಗೆಂದವನೇ ಹಾರಿ ಹೋಗಿ, ಹಿಂದುಮುಂದು ನೋಡದೆ ಅತ್ತೆಯನ್ನು ಅನಾಮತ್ತಾಗಿ ಎತ್ತಿಕೊಂಡುಬಿಟ್ಟೆ. ಕೋಲನ್ನೂ ಸೇರಿಸಿ.

ಮೊದಲು ಮದುಮಗ ಚಪ್ಪಾಳೆ ತಟ್ಟಿದ, ಜಗಲಿಯೂ ತಟ್ಟಿತು, ಫೋಟೋದವನು ಚಕಚಕನೆ ಕ್ಲಿಕ್ಕಿಸಿದ. ಇನ್ನು ಇಳಿಸುವುದೆಲ್ಲಿ? ಮುಂದೆ ನಡೆದೆ. ಜನರನ್ನು ಮೇಲೆತ್ತುವ ಯಂತ್ರಗಳ ನಡುವೆಯೇ ನನ್ನ ಆಯಸ್ಸು ಕಳೆದಿದೆ. ಪ್ರತಿ ಲಿಫ್ಟಿನಲ್ಲೂ ಎಷ್ಟು ಭಾರ ತಡೆಯುತ್ತದೆಂದು ಬರೆದಿರುತ್ತದೆ. ನನ್ನ ಸೊಂಟದ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಅತ್ತೆ ನೋಡಲು ಗುಬ್ಬಿಯಂತೆ ಇದ್ದಾರೆ. ಎತ್ತಿದ ಮೇಲೆ ತಿಳಿಯಿತು, ಮನೆಯ ಯಜಮಾನಿಕೆಯೂ ಜೊತೆಗೇ ಬರುತ್ತದೆ ಎಂದು. ಮೊಮ್ಮಗಳು ಅಜ್ಜಿಯ ಕೈ ಬಿಡದೆ ಪಕ್ಕದಲ್ಲೇ ಬಂದಳು. ಏದುಸಿರು ಬಿಡುತ್ತ ವೇದಿಕೆಯ ಜಾಗದಲ್ಲಿಟ್ಟಿದ್ದ ಕುರ್ಚಿಯಲ್ಲಿ ಅತ್ತೆಯನ್ನು ಇಳಿಸಿ, ಸೊಂಟ ಹಿಡಿದುಕೊಂಡು ಹಿಂದಿರುಗಿ ನೋಡಿದೆ.

ಕೋಲಿನ ತೂತು ಎರಡೇ ಇದ್ದವು. ಅಲ್ಲಿಂದ ವೇದಿಕೆಯವರೆಗೆ ನನ್ನ ಪಾದಗಳು! ಇಬ್ಬರ ಭಾರಕ್ಕೆ ಕುಸಿದು, ಒಂದೊಂದೂ ಒಂದೊಂದು ಗುಂಡಿ. ಆಗಲೇ ಅವುಗಳಲ್ಲಿ ನೀರು ಜಿನುಗುತ್ತಿತ್ತು.

ನನಗೆ ಅಳು ತಡೆಯಲಾಗಲಿಲ್ಲ. ನನ್ನನ್ನು ನೋಡಿ ಮದುಮಗಳೂ ಅತ್ತಳು. "ನೀವ್ ಇಷ್ಟು ಒಳ್ಳೆಯವ್ರು ಅಂತ ಗೊತ್ತೇ ಇರ್ಲಿಲ್ಲ ದೊಡ್ಡಪ್ಪ," ಎಂದು ತಬ್ಬಿಕೊಂಡಳು. ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಹೆಂಡತಿಯ ಕಣ್ಣಲ್ಲೂ ನೀರಾಡಿತು.

"ನನ್ನನ್ನ ಒಂದು ಚರಂಡಿನೂ ದಾಟಿಸಿದವರಲ್ಲ ನೀವು," ಎಂದಳು, ಅವಳಿಗೇ ಅಪರೂಪವಾದ ಮೆಲುದನಿಯಲ್ಲಿ. "ಹೋಗ್ಲಿ ಬಿಡಿ. ನಮ್ಮಮ್ಮನ್ನ ಎತ್ಕೊಂಡ್ರಲ್ಲ, ಸಾಕು."

ಇನ್ನು ಸತ್ಯ ಹೇಳುವುದುಂಟೇ? ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಆ ರಾತ್ರಿ ಊಟದಲ್ಲಿ ನನಗೆ ಮೊದಲು ಬಡಿಸಿದರು. ರಿಮೋಟನ್ನೂ ಕೈಗಿತ್ತರು. (ಯಾವ ಗುಂಡಿ ಒತ್ತಬೇಕೆಂದು ನನಗೆ ತಿಳಿಯಲಿಲ್ಲ.) ಮದುವೆಯ ದಿನವೂ ಅಜ್ಜಿ ದೊಡ್ಡಪ್ಪನ ತೋಳಲ್ಲೇ ಬರಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

"ಅಷ್ಟು ಜನರ ಮುಂದೆ ನಮ್ಮಮ್ಮನ್ನ ಬೀಳ್ಸಿದ್ರೆ ನೋಡಿ ಮತ್ತೆ! ನಾಳೆಯಿಂದ ಬೆಳಗ್ಗೆ ಸಂಜೆ ಪ್ರಾಕ್ಟೀಸು," ಎಂದು ಹೆಂಡತಿ ಅಪ್ಪಣೆ ಕೊಡಿಸಿದಳು.

ಮಾಡಿದ್ದುಣ್ಣೋ ಮಹರಾಯ. ಬೆಳಗ್ಗೆ ಅತ್ತೆಯನ್ನು ಹೊತ್ತು ಹೋದೆ, ಬಂದೆ. ಸಂಜೆ ಹೋದೆ, ಬಂದೆ. ಮದುವೆಯ ಮುನ್ನಾದಿನದ ಹೊತ್ತಿಗೆ ಜಗಲಿಯಿಂದ ವೇದಿಕೆಯವರೆಗೆ ನನ್ನ ನೆತ್ತಿಯಷ್ಟೇ ನುಣುಪಾದ ಬೋಳು ದಾರಿಯೊಂದು ಬಿದ್ದಿತ್ತು. ಹುಲ್ಲು ಆಗಲೂ ಎದುರು ಮಾತಾಡಲಿಲ್ಲ.

ಆ ಸಂಜೆ ಕೊನೆಯ ಪ್ರಾಕ್ಟೀಸು. ಹಿತ್ತಲಲ್ಲಿ ನಾವಿಬ್ಬರೇ. ನಡುದಾರಿಯಲ್ಲಿ ಅತ್ತೆ ನನ್ನ ಕಿವಿಯ ಬಳಿ ಪಿಸುಗುಟ್ಟಿದರು.

"ಅಳಿಯಂದಿರೇ, ಅವತ್ತು ನೀವು ಎತ್ಕೊಂಡಿದ್ದು ನನ್ ಕೋಲಿಂದ ಹುಲ್ಲಿಗೆ ತೂತು ಬೀಳತ್ತೆ ಅಂತ ತಾನೇ?"

ನನ್ನ ಕಾಲು ನಿಂತಲ್ಲೇ ನಿಂತಿತು. "ಅತ್ತೆ, ಅದು... ಹಾಗಲ್ಲ..."

"ನೀವೇನು ನನ್ ಮುಖ ನೋಡಿದ್ರಾ? ಕೋಲಿನ ತುದೀನೇ ನೋಡ್ತಿದ್ರಿ. ನಂಗೇನು ಕಣ್ಣು ಕಾಣಲ್ವಾ?"

ನಾನು ಬೆವೆತೆ. ಅತ್ತೆ ನನ್ನ ಕುತ್ತಿಗೆಯನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡರು.

"ಇನ್ನೊಂದು ಹೆಜ್ಜೆ ಇಟ್ಟಿದ್ರೆ ನಾನು ಬಿದ್ದೇ ಹೋಗ್ತಿದ್ದೆ ಕಣ್ರೀ. ಕಾಲು ನಡುಗ್ತಿತ್ತು. ಮಗು ಮುಂದೆ ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನ್ ಕಾಲಿನ ವಿಷಯ ನೀವು ಯಾರಿಗೂ ಹೇಳ್ಬೇಡಿ, ನಿಮ್ ಹುಲ್ಲಿನ ವಿಷಯ ನಾನು ಯಾರಿಗೂ ಹೇಳಲ್ಲ."

"ಆಗ್ಲಿ ಅತ್ತೆ," ಎಂದೆ. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಆದ ಮೊದಲ ಒಪ್ಪಂದ ಅದು. ಅಷ್ಟು ಹೊತ್ತೂ ತೋಳಲ್ಲಿದ್ದ ಭಾರ ನನಗೆ ಮರೆತೇಹೋಗಿತ್ತು.

ವೇದಿಕೆ ಮುಟ್ಟಿ ಹಿಂತಿರುಗುವಾಗ ಅತ್ತೆ ಕೋಲೆತ್ತಿ ಕಾಂಪೌಂಡಿನ ಕಡೆ ತೋರಿಸಿದರು.

"ಈ ಸಲ ಆ ಕಡೆಯಿಂದ ಹೋಗಿ. ಆ ಮೂಲೇಲಿ ಇನ್ನೂ ಒಂದಿಷ್ಟು ಹುಲ್ಲು ಉಳ್ಕೊಂಡಿದೆ."