ಎದುರು ಮನೆಯ ಬಿರುಕಿಲ್ಲದ ಎತ್ತುಗಳು

ದೇವರ ಕೆಲಸಕ್ಕೆಂದು ನಾನು ಕೈ ತೊಳೆದು ಕೂತಾಗಲೆಲ್ಲ ನನ್ನ ಮನಸ್ಸಿನ ಕೊಳೆಯೇ ಮೊದಲು ಮೇಲೆ ಬರುತ್ತದೆ. ಶಿವ ನನ್ನನ್ನು ನೋಡಿ ನಗಲಿಕ್ಕೇ ಇಟ್ಟುಕೊಂಡಿದ್ದಾನೆ ಅನ್ನಿಸುತ್ತದೆ. ನಗಲಿ, ಅವನ ಪಾದಕ್ಕೆ ಅದೂ ಒಂದು ಪತ್ರೆ. ಆದರೆ ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮುಂಚಿನ ಹದಿನೈದು ದಿನ ಅವನಿಗೆ ನಗುವುದಕ್ಕೆ ಬಿಡುವೇ ಸಾಲಲಿಲ್ಲ.

೧. ಕಂಪ್ಲಿಯ ಕರಿ ಮಣ್ಣು

ಹೊಸಪೇಟೆಯ ನಮ್ಮ ಓಣಿಯ ಈಶ್ವರನ ಗುಡಿಯಲ್ಲಿ ಅಮಾವಾಸ್ಯೆ ಪೂಜೆಗೆ ಇಡುವ ಜೋಡೆತ್ತು ಹದಿನಾಲ್ಕು ವರ್ಷದಿಂದ ನನ್ನ ಕೈಯವೇ. ಕಂಪ್ಲಿಯ ತವರಿನ ಗದ್ದೆಯಿಂದ ಮಣ್ಣು ತರಿಸಿ, ಪಂಚಾಕ್ಷರಿ ಹೇಳುತ್ತಾ ಹದ ಮಾಡುತ್ತೇನೆ. ಒಣಗಿದ ಮೇಲೆ ಒಂದೆರಡು ಬಿರುಕು ಬಿಡುತ್ತವೆ. ಕುಂಕುಮ ತುಂಬಿದರೆ ಕಾಣುವುದಿಲ್ಲ.

ಈ ವರ್ಷ ಎದುರು ಮನೆಗೆ ಕುರೆಕುಪ್ಪದಿಂದ ಒಬ್ಬಾಕೆ ಬಂದಳು. ಭಜನೆಗೆ ಬಂದ ಮೊದಲ ದಿನವೇ ಚೀಲದಿಂದ ಎರಡು ಬಿಳಿ ಎತ್ತು ತೆಗೆದಳು. ಕೊಂಬು ನೆಟ್ಟಗೆ, ಮೈ ಬೆಣ್ಣೆ, ಒಂದು ಗೆರೆಯಿಲ್ಲ.

"ಪಾಕೀಟಿನ ಕ್ಲೇ ಅಕ್ಕಾ. ಸುಡೋದು ಬ್ಯಾಡ, ಗಾಳಿಗೆ ತಾನಾ ಒಣಗ್ತೈತಿ" ಅಂದಳು. ಕೈಯಲ್ಲಿ ಹಿಡಿದು ನೋಡಿದೆ. ಹಪ್ಪಳದಷ್ಟು ಹಗುರ.

ನಮ್ಮ ಭಜನಾ ಮಂಡಳಿಗೆಲ್ಲ ಹಿರಿಯಳಾದ ಅಜ್ಜಿ ಅಲ್ಲೇ ತೀರ್ಪು ಕೊಟ್ಟಳು: "ಇಬ್ರೂ ಮಾಡ್ರಿ. ಯಾವುದು ಬಿರುಕು ಬಿಡಂಗಿಲ್ಲೋ ಅದು ಗದ್ದಿಗಿ ಮ್ಯಾಲ."

"ಬಸವಣ್ಣನ ಇಚ್ಛೆ" ಅಂದೆ. ಅಂದದ್ದು ನಾಲಿಗೆ ಮಾತ್ರ. ಹೊಟ್ಟೆಯಲ್ಲಿ ಎದ್ದ ಉರಿಗೆ ಅವತ್ತು ಗ್ಯಾಸ್ ಹಚ್ಚದೆಯೇ ಅನ್ನ ಬೇಯಬಹುದಿತ್ತು.

೨. ಸಂಡೂರಿನ ಕೆಂಪು

ತಪ್ಪೆಲ್ಲ ಕರಿ ಮಣ್ಣಿನದೇ ಎಂದುಕೊಂಡು ಸಂಡೂರಿನ ಅಕ್ಕನಿಂದ ಕೆಂಪು ಮಣ್ಣು ತರಿಸಿದೆ. ಅದರಲ್ಲಿ ಅದಿರೇ ಹೆಚ್ಚಿತ್ತೋ ಏನೋ, ಎತ್ತುಗಳು ಗುಂಡುಕಲ್ಲಿನಂತಾದವು. ಬಿರುಕು ಬಿಡಲಿಲ್ಲ, ನಿಜ. ಆದರೆ ಬೆಳಿಗ್ಗೆ ನೋಡಿದರೆ ಮೈಭಾರಕ್ಕೆ ನಾಲ್ಕೂ ಕಾಲು ಚೆಲ್ಲಿ ಕೂತುಬಿಟ್ಟಿದ್ದವು.

"ನಂದಿ ಅಂದ್ರ ಮುಗೀತಲ್ಲ" ಅಂದರು ನಮ್ಮ ಮನೆಯವರು. ನನಗೂ ಧೈರ್ಯ ಬಂತು. ಅಜ್ಜಿಗೆ ಒಯ್ದು ತೋರಿಸಿದೆ.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. "ಮುಂಗಾರಿಗೆ ದುಡಿಯೋ ಎತ್ತು ಬೇಕವ್ವಾ. ಇವು ಆಗ್ಲೇ ರಜಾ ಹಾಕಿ ಕುಂತಾವಲ್ಲ."

೩. ಏರ್ ಹಾಕಿಸಿದ್ದು

ಕೊನೆಗೆ ಪಾಕೀಟಿಗೆ ಪಾಕೀಟೇ ಮದ್ದು ಎಂದು ಅಂಗಡಿಗೆ ಹೋದೆ. "ಬಿಳೀ ಹಗುರದ್ದು ಎಲ್ಲಾ ನಿಮ್ಮ ಎದುರು ಮನಿಯವ್ರು ಒಯ್ದ್ರು" ಎಂದ ಅಂಗಡಿಯವ. ಆ ಮಾತನ್ನು ಶಿವಾರ್ಪಣ ಮಾಡಿ, ಉಳಿದಿದ್ದ ಇಟ್ಟಿಗೆ ಬಣ್ಣದ ಪಾಕೀಟು ತಂದೆ. ಚೆಂದದ ಎತ್ತುಗಳಾದವು. "ಇದು ಏರ್ ಡ್ರೈ ಅಂತ್ರಿ. ಏರಿಗೇ ಒಣಗಬೇಕಂತ. ಜಲ್ದಿ ಆದ್ರ ಚಲೋ" ಎಂದು ಮನೆಯವರಿಗೆ ಹೇಳಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಎತ್ತೂ ಇಲ್ಲ, ಮನೆಯವರೂ ಇಲ್ಲ.

ಅರ್ಧ ಗಂಟೆಗೆ ಬಂದರು. ಹೋಗಿದ್ದು ಪಂಕ್ಚರ್ ಅಂಗಡಿಗೆ.

"ಏರ್ ಹಾಕ್ಸಿದೆ. ಎಷ್ಟು ಹೊಡೀಲಿ ಅಂದ. ಲಾರಿಗೆ ಹೊಡ್ಯೋವಷ್ಟು ಹೊಡಿ, ಜಲ್ದಿ ಒಣಗಬೇಕು ಅಂದೆ."

"ಕೊಂಬೆಲ್ಲಿ?"

"ಮೂರು ಕಿಸೇದಾಗ ಅದಾವ. ಒಂದು ಹಾರಿ ಹಂಪಿ ಬಸ್ಸಿನ ಮ್ಯಾಲ ಬಿತ್ತು. ಇಷ್ಟೊತ್ತಿಗೆ ಕಡ್ಡಿರಾಂಪುರ ದಾಟಿರಬೇಕು."

ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಅದಕ್ಕಾದರೂ ವಿರೂಪಾಕ್ಷನ ದರ್ಶನ ಆಗಲಿ.

೪. ಎರಡು ಕಣಕ

ಮೈದಾ ಮತ್ತು ಗೋಂದು ಕಲಸಿದರೆ ಮನೆಯಲ್ಲೇ ಕ್ಲೇ ಆಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದರು. ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. ಪಕ್ಕದಲ್ಲೇ ಕಡಬಿನ ಕಣಕ, ಅದಕ್ಕೂ ಒದ್ದೆ ಬಟ್ಟೆ. ಭಜನೆಯ ಪದ ಗುನುಗುತ್ತಾ ಯಾವುದರಲ್ಲಿ ಏನು ಮಾಡಿದೆನೋ ಗೊತ್ತಾಗಲಿಲ್ಲ. ನನ್ನ ಎತ್ತುಗಳಿಗೆ ಇರುವೆ ಮುತ್ತಿದ ಹೊತ್ತಿಗೆ, ಎದುರು ಮನೆಗೆ ನಾಲ್ಕು ಕಡಬು ಆಗಲೇ ಹೋಗಿದ್ದವು.

ಸಂಜೆ ಆಕೆ ತಟ್ಟೆ ಹಿಡಿದು ಬಂದಳು. ನಾಲ್ಕೂ ಹಾಗೇ ಇದ್ದವು. ಪಾಪ, ಮುಖದಲ್ಲಿ ಕುಹಕವೇ ಇಲ್ಲ.

"ಹಲ್ಲು ಇಳೀವಲ್ದು ಅಕ್ಕಾ. ಆದ್ರ ನೋಡ್ರಿ, ಒಂದು ಬಿರುಕೂ ಬಿಟ್ಟಿಲ್ಲ."

೫. ಬಸವಣ್ಣ ಕಾಲುವೆ

ತಿರುಗಿ ಕಂಪ್ಲಿ ಮಣ್ಣಿಗೇ ಶರಣಾದೆ. ಅಮಾವಾಸ್ಯೆಯ ದಿನ ಅದು ತನ್ನ ಪದ್ಧತಿಯಂತೆ ಬಿರಿಯಿತು. ಗದ್ದುಗೆ ಮೇಲೆ ಆಕೆಯ ಬಿಳಿ ಜೋಡಿ, ನನ್ನದು ಕೆಳಗೆ, ಎಣ್ಣೆ ಬಟ್ಟಲಿನ ಪಕ್ಕ. ಮಂಗಳಾರತಿಯಲ್ಲಿ ಎಲ್ಲರೂ ಮಳೆ ಬೆಳೆ ಬೇಡಿಕೊಂಡರು. ನಾನು ಬೇಡಿದ್ದು ಇಷ್ಟೇ: "ತಂದೆ, ಆಕಿ ಎತ್ತು ಒಂದೀಟು ಮುಳುಗಿಸಪ್ಪಾ." ಅಂದರೆ ಅವುಗಳ ಹೆಸರು ಮುಳುಗಲಿ ಎಂದು. ಬಿಡಿಸಿ ಹೇಳಬೇಕಿತ್ತು.

ಮರುದಿನ ಪದ್ಧತಿಯಂತೆ ಎಲ್ಲ ಎತ್ತುಗಳನ್ನು ಬಸವಣ್ಣ ಕಾಲುವೆಗೆ ಬಿಡಲು ಹೋದೆವು. ಗದ್ದುಗೆಯ ಜೋಡಿಯದೇ ಮೊದಲ ಮರ್ಯಾದೆ. ಆಕೆ ನೀರಿಗೆ ಬಿಟ್ಟಳು. ಎತ್ತುಗಳು ಒಮ್ಮೆ ಹೊರಳಿ, ಎದ್ದು, ತೇಲಿದವು. ಒತ್ತಿ ಹಿಡಿದಳು. ಬಿಟ್ಟ ಕೂಡಲೇ ಪುಟಿದು ಮೇಲೆ ಬಂದವು. ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕೆಲಸ ಬಿಟ್ಟು ಕೈ ಮುಗಿದರು. "ಬಸವಣ್ಣ ನೀರಿನ ಮ್ಯಾಲ ನಿಂತಾನ" ಎಂದು ಯಾರೋ ಮೊಬೈಲು ಎತ್ತಿದರು.

ಮುಳುಗಿಸಪ್ಪಾ ಎಂದು ನಾನು ಬೇಡಿದ್ದಕ್ಕೆ ಆತ ಪವಾಡವನ್ನೇ ಕೊಟ್ಟಿದ್ದ. ಅದೂ ಆಕೆಯ ಹೆಸರಿಗೆ.

ಆಕೆಗೆ ಮಾತ್ರ ಅಳುವೇ ಬಂದಿತ್ತು. "ಮುಳುಗ್ವಲ್ದು ಅಕ್ಕಾ. ನನ್ನಿಂದೇನಾರ ತಪ್ಪಾತೇನ್ರಿ?"

ಅಜ್ಜಿ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಇವು ಮುಳುಗೋತನಕ ಯಾರೂ ಮನಿಗೆ ಹೋಗಂಗಿಲ್ಲ, ಊಟ ಮಾಡಂಗಿಲ್ಲ." ಆಮೇಲೆ ನನ್ನ ತಟ್ಟೆಯಲ್ಲಿದ್ದ ಜೋಡಿ ನೋಡಿದಳು. "ನಿನ್ನ ಮಣ್ಣು ನೀರು ಕಂಡ್ರ ಕರಗ್ತೈತಲ್ಲ. ಇವಕ್ಕ ಮೆತ್ತು."

ಆಕೆಯ ಮುಖ ನೋಡಿದೆ. ಪಂಚಾಕ್ಷರಿ ಹೇಳುತ್ತಾ ನನ್ನ ಎರಡೂ ಎತ್ತು ನೆನೆಸಿ, ಕಲಸಿ, ಬಿಳಿ ಹೊಟ್ಟೆಗಳಿಗೆ ದಪ್ಪಗೆ ಮೆತ್ತಿದೆ. ಈ ಸಲ ಬುಳುಕ್ ಎಂದು ಹೋದವು. ಆಕೆ ನನ್ನ ಕೆಸರು ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ಹದಿನೈದು ದಿನದ ಉರಿಯೂ ಬುಳುಕ್ ಎಂದಂತಾಯಿತು. ಮುಂದಿನ ವರ್ಷ ಗದ್ದುಗೆ ಮೇಲೆ ಯಾರದು ಎಂದು ಕೇಳುವ ಆಸೆಯೊಂದು ಮಾತ್ರ ತೇಲುತ್ತಿತ್ತು. ಕೇಳಿಯೇಬಿಟ್ಟೆ.

ಅಜ್ಜಿ ಸೀರೆ ಕೊಡವಿಕೊಂಡು ಎದ್ದಳು. "ಅದೇನು ಕೇಳ್ತೀಯವ್ವಾ? ನಿಂದ್ರಾಕ ಆಕೀದು, ಮುಳುಗಾಕ ನಿಂದು."