ಸಾವಿಲ್ಲದ ಪಾತಿ

ಗುಮಾಸ್ತರ ಬಲಗೆನ್ನೆ ಮುಗಿದು ಎಡಗೆನ್ನೆಗೆ ಕತ್ತಿ ಇಡಬೇಕು ಅನ್ನುವಷ್ಟರಲ್ಲಿ ಕತ್ತರಿಯಣ್ಣನ ಫೋನು ಬಡಿದುಕೊಂಡಿತು. ಆ ಫೋನು ಬರದೇ ಇದ್ದಿದ್ದರೆ ಗುಮಾಸ್ತರ ಎರಡು ಕೆನ್ನೆಗಳೂ ಅವತ್ತು ಒಂದೇ ಥರ ಇರುತ್ತಿದ್ದವು, ಕತ್ತರಿಯಣ್ಣನೂ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದ.

ಫೋನು ಮಾಡಿದ್ದು ಮನೆಯ ಓನರಮ್ಮ.

"ಏನಪ್ಪಾ, ಸಾಯಂಕಾಲ ಐದಕ್ಕೆ ಮೇಸ್ತ್ರೀನ ಕರ್ಕೊಂಡು ಬರ್ತೀನಿ. ಹಿತ್ತಲಿಗೆ ಸಿಮೆಂಟ್ ಹಾಕಿಸ್ಬೇಕು. ಅಳಿಯನ ಕಾರಿಗೆ ಜಾಗ ಇಲ್ಲ."

"ಅಯ್ಯೋ ಅಮ್ಮಾ, ಹಿತ್ತಲಲ್ಲಿ ನನ್ನ ಬೆಳೆ ಇದೆಯಲ್ಲ!"

"ಯಾವ ಬೆಳೆ? ಮೂರು ವರ್ಷದಿಂದ ಅದೇ ಹಳೇ ಹುಲ್ಲು ನಿಂತಿದೆಯಂತೆ. ಬಿತ್ತಿದ್ದಿಲ್ಲ, ಕಿತ್ತಿದ್ದಿಲ್ಲ. ಕರಾರು ಪತ್ರದಲ್ಲಿ ಏನಿದೆ ಹೇಳು? ತರಕಾರಿ ಬೆಳೆದ್ರೆ ಜಾಗ ನಿಂಗೆ, ಪಾಳು ಬಿಟ್ರೆ ವಾಪಸ್ ನಂಗೆ." ಫೋನು ಕಟ್ಟಾಯಿತು.

ಈ ಸುದ್ದಿ ಓನರಮ್ಮನಿಗೆ ಮುಟ್ಟಿಸಿದವರು ಯಾರೆಂದು ಕತ್ತರಿಯಣ್ಣ ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಫೋನು ಬಂದ ಕೂಡಲೇ ಪಕ್ಕದ ಮನೆಯ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಟೈಲರಕ್ಕನ ಮಿಷನ್ನು ನಿಲ್ಲುವುದು ಎರಡೇ ಕಾರಣಕ್ಕೆ. ಒಂದು ದಾರ ಕಡಿದಾಗ, ಇನ್ನೊಂದು ಪಕ್ಕದ ಮನೆಯಲ್ಲಿ ಯಾರಾದರೂ ದನಿ ಏರಿಸಿದಾಗ.

ಆ ಮನೆಯ ವಿಷಯ ಇಷ್ಟು. ಮುಂದಿನ ಕೋಣೆ ಕತ್ತರಿಯಣ್ಣನ ಕಟಿಂಗ್ ಶಾಪು. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹಿಂದೆ ಎರಡು ಕೋಣೆ, ಅದರ ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ನಿಂಬೆ ಗಿಡ. ಅದಕ್ಕೆ ಹದಿನಾಲ್ಕು ವರ್ಷ ನೀರು ಹೊತ್ತವನು ಕತ್ತರಿಯಣ್ಣ, ಚೀಲ ತಂದು ಹಣ್ಣು ಕಿತ್ತುಕೊಂಡು ಹೋಗುವವರು ಓನರಮ್ಮ. ಕರಾರಿನಲ್ಲೇ ಹಾಗೆ ಬರೆದಿತ್ತು: ವರ್ಷ ವರ್ಷ ಬಿತ್ತಿ ಬೆಳೆಯುವುದು ಬಾಡಿಗೆದಾರನದು, ನೆಲ ಹಿಡಿದು ಶಾಶ್ವತವಾಗಿ ನಿಲ್ಲುವುದು ಮನೆಯವರದು. ಒಂದು ಹಣ್ಣು ಬೇಕೆಂದರೂ ಅವನು ಫೋನು ಮಾಡಿ ಕೇಳಬೇಕು. ಅದೊಂದು ಉರಿ ಅವನ ಹೊಟ್ಟೆಯಲ್ಲಿ ಯಾವಾಗಲೂ ಇತ್ತು.

ನಿಂಬೆ ಗಿಡದ ಪಕ್ಕದಲ್ಲಿದ್ದದ್ದೇ ಲೀಕ್ ಪಾತಿ. ಲೀಕ್ ಅಂದರೆ ಈರುಳ್ಳಿಯ ದಾಯಾದಿ. ಗಡ್ಡೆ ಕಟ್ಟುವುದಿಲ್ಲ, ಲಟ್ಟಣಿಗೆಯಷ್ಟು ದಪ್ಪದ ಬಿಳಿ ದಂಟು, ಮೇಲೆ ಪಟ್ಟಿಯಂಥ ಹಸಿರು ಎಲೆ. ಎಲ್ಲರೂ ಅದನ್ನು ಬೇರು ಸಮೇತ ಕಿತ್ತು, ಮರುವರ್ಷ ಮತ್ತೆ ಬಿತ್ತುತ್ತಾರೆ. ಕತ್ತರಿಯಣ್ಣ ಮಾತ್ರ ಕತ್ತಿ ಒರೆಸುವ ಹಳೇ ಪೇಪರಿನ ತುಂಡಿನಲ್ಲಿ ಒಂದು ಸಾಲು ಓದಿದ್ದ: "ಕೀಳಬೇಡಿ. ನೆಲದಿಂದ ಎರಡು ಬೆರಳು ಮೇಲಕ್ಕೆ ಕತ್ತರಿಸಿ. ಬೇರು ಮತ್ತೆ ಚಿಗುರುತ್ತದೆ. ಹೂ ಬಿಟ್ಟ ಗಿಡದ ಬುಡದಲ್ಲಿ ಮರಿಗಳೂ ಏಳುತ್ತವೆ." ಓದಿ ಅವನಿಗೆ ರೋಮಾಂಚನವಾಯಿತು. ಬುಡ ಬಿಟ್ಟು ಮೇಲೆ ಕತ್ತರಿಸು, ಅದು ಮತ್ತೆ ಬೆಳೆಯಲಿ, ಮತ್ತೆ ಕತ್ತರಿಸು. ಇದು ತನ್ನ ಕಸುಬೇ ಅಲ್ಲವೇ!

ಅಂದು ನೆಟ್ಟ ಹನ್ನೆರಡು ಸಸಿ ಮೂರು ವರ್ಷದಲ್ಲಿ ನಲವತ್ತಾಗಿದ್ದವು. ಬಾಡಿಗೆ ಮನೆ, ಬಾಡಿಗೆ ಹಿತ್ತಲು, ಕುರ್ಚಿ ಕೂಡ ಸೆಕೆಂಡ್ ಹ್ಯಾಂಡು. ತನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಪಾತಿ ಒಂದೇ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಮುಖ ನೋಡುತ್ತಿದ್ದ. ಅದರ ಮೇಲೆ ಸಿಮೆಂಟು ಅಂದ ಮೇಲೆ ಅವನಿಗೆ ಕತ್ತಿ ಕೆನ್ನೆಗೆ ಇಡುವ ಮನಸ್ಸೇ ಬರಲಿಲ್ಲ.

"ಹೆದರ್ಬೇಡಯ್ಯಾ," ಎಂದರು ಗುಮಾಸ್ತರು, ಎಡಗೆನ್ನೆಯ ನೊರೆ ಒರೆಸಿಕೊಂಡು. ಮೂವತ್ತು ವರ್ಷ ಕೋರ್ಟಿನಲ್ಲಿ ಕಾಗದ ಬರೆದು ನಿವೃತ್ತರಾದವರು. ಬರೆಯಲು ಏನೂ ಸಿಗದೆ ಆರು ತಿಂಗಳಿಂದ ಕೈ ತುರಿಸುತ್ತಿತ್ತು. "ಇದು ಹುಲ್ಲಲ್ಲ ಬೆಳೆ, ಕತ್ತರಿಸಿದ್ರೂ ಮತ್ತೆ ಬರತ್ತೆ ಅಂತ ಸಾಬೀತು ಮಾಡಿದ್ರಾಯ್ತು. ಸಾಕ್ಷಿ ಬೇಕು. ತಿಂದವರ ಸಾಕ್ಷಿ ಗಟ್ಟಿ. ಮೊದಲು ನಂಗೆ ಎರಡು ಕೊಡು."

"ಸ್ವಾಮೀ, ನಿಮ್ಮ ಇನ್ನರ್ಧ ಗಡ್ಡ?"

"ಗಡ್ಡ ಓಡಿಹೋಗತ್ತೇನಯ್ಯಾ? ಕೇಸು ಮುಖ್ಯ."

ಇಬ್ಬರೂ ಹಿತ್ತಲಿಗೆ ಬಂದರು, ಕತ್ತರಿಯಣ್ಣ ಎರಡು ಕತ್ತರಿಸಿದ. ಅಷ್ಟರಲ್ಲಿ ಗೋಡೆಯ ಮೇಲೆ ಟೈಲರಕ್ಕನ ತಲೆ ಎದ್ದಿತು. "ಅಣ್ಣಾ, ನಾನೇನೋ ಬಾಯಿ ತಪ್ಪಿ ಹುಲ್ಲು ಅಂದ್ಬಿಟ್ಟೆ. ತಪ್ಪಾಯ್ತು. ಮೂರು ಕೊಡಿ, ಸೂಪ್ ಮಾಡಿ ಕುಡಿದು ನಾನೇ ಮುಂದೆ ನಿಂತು ಸಾಕ್ಷಿ ಹೇಳ್ತೀನಿ." ಬೆಂಕಿ ಹಚ್ಚಿದವಳೇ ನೀರು ತಂದಿದ್ದಾಳೆ, ಬೇಡ ಅನ್ನುವುದು ಹೇಗೆ? ಮೂರು ಕೊಟ್ಟ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ರೀ, ನಮಗೂ ಒಂದೆರಡು ಇಟ್ಕೊಳ್ಳಿ, ರಾತ್ರಿಗೆ ಆಗತ್ತೆ."

"ಹೆಂಡತಿ ಸಾಕ್ಷಿ ನಡೆಯಲ್ಲಮ್ಮಾ," ಎಂದರು ಗುಮಾಸ್ತರು.

"ನಾನು ಸಾಕ್ಷಿ ಹೇಳ್ತೀನಿ ಅಂದ್ನಾ? ಹಸಿವಾಗತ್ತೆ ಅಂದೆ."

"ಇರು ಕಣೇ, ನಮ್ಮದೇ ತಾನೆ? ಯಾವತ್ತು ಬೇಕಾದ್ರೂ ತಿನ್ನಬಹುದು," ಎಂದ ಕತ್ತರಿಯಣ್ಣ.

ಇಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಐದು ಗಿಡ ಹೋದ ಮೇಲೆ ಪಾತಿಯ ಎಡಗಡೆ ಬೋಳಾಗಿ, ಬಲಗಡೆ ಪೊದೆಯಾಗಿ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಅತ್ತ ನೋಡದೆ ಒಳಗೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ಜನರ ಎರಡು ಕಿವಿಯ ಪಕ್ಕ ಸಮ ಮಾಡಿಕೊಂಡು ಬಂದ ಕೈ, ಸುಮ್ಮನಿರಬೇಕಲ್ಲ! ಬಲಗಡೆ ನಾಲ್ಕು ತೆಗೆದ. ಈಗ ಅದೇ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ಎಡಗಡೆ ಮೂರು ತೆಗೆದ. ನಡುವೆ ಜುಟ್ಟು ಬಿಟ್ಟ ಹಾಗಾಯಿತು, ಅದನ್ನೂ ಇಳಿಸಿದ. ಒಂದು ಕಣ್ಣು ಮುಚ್ಚಿ ನೋಡಿದ, ತಲೆ ವಾಲಿಸಿ ನೋಡಿದ, ಮತ್ತೆ ಕತ್ತರಿಸಿದ. ಕತ್ತರಿಸಿದ್ದನ್ನೆಲ್ಲ ಗುಮಾಸ್ತರು ಅಂಗಡಿಯ ಬೆಂಚಿನ ಮೇಲಿದ್ದವರಿಗೂ ಬೀದಿಯಲ್ಲಿ ಹೋಗುವವರಿಗೂ ಹಂಚಿ, "ಐದಕ್ಕೆ ಬಂದು ಸಾಕ್ಷಿ ಹಾಕ್ಬೇಕು" ಎಂದು ಮಾತು ತೆಗೆದುಕೊಂಡರು.

ಮಧ್ಯಾಹ್ನ ಹನ್ನೆರಡಕ್ಕೆ ಹೆಂಡತಿ ಹಿತ್ತಲಿಗೆ ಬಂದು ನೋಡಿದರೆ ನಲವತ್ತು ಗಿಡವೂ ಇಲ್ಲ. ಪಾತಿಗೆ ಪಾತಿಯೇ ಮಿಲಿಟರಿ ಕಟಿಂಗು ಮಾಡಿಸಿಕೊಂಡು ಕೂತಿತ್ತು.

"ಅಯ್ಯೋ ಮಹರಾಯಾ! ಓನರಮ್ಮನಿಗೆ ಏನು ತೋರಿಸ್ತೀರಾ? ಮಣ್ಣಾ?"

ಕತ್ತರಿಯಣ್ಣನಿಗೆ ಆಗ ಎಚ್ಚರವಾಯಿತು. ಕತ್ತಿ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತ. ತನ್ನ ಕೈಯಾರೆ ತನ್ನ ಪಾತಿಯನ್ನು ಬೋಳಿಸಿದ್ದ. ಮೂರು ವರ್ಷ ನೀರು ಹೊತ್ತದ್ದೆಲ್ಲ ನೆನಪಾಯಿತು. ಬೈಯಲು ಬಂದ ಹೆಂಡತಿ ಅವನ ಮುಖ ನೋಡಿ, ಬೈಗುಳ ನುಂಗಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಕೂತವಳು ಪಾತಿಯ ಕಡೆ ಬಗ್ಗಿದಳು.

"ರೀ, ಇಲ್ಲಿ ನೋಡಿ. ಬೆಳಿಗ್ಗೆ ಇದನ್ನ ಮಟ್ಟವಾಗಿ ಕತ್ತರಿಸಿದ್ರಿ ತಾನೆ?"

"ಹ್ಞೂಂ ಕಣೇ. ನಾನು ಯಾವತ್ತು ಸೊಟ್ಟ ಕತ್ತರಿಸಿದೀನಿ?"

"ಮತ್ತೆ ನಡುವಿಂದ ಏನೋ ಎದ್ದಿದೆ?"

ಅವನೂ ಬಗ್ಗಿದ. ಗುಮಾಸ್ತರಿಗೆ ಕೊಟ್ಟ ಮೊದಲ ಎರಡರ ಬುಡ. ನಾಣ್ಯದ ಹಾಗೆ ಚಪ್ಪಟೆಯಾಗಿದ್ದ ಕೊಯ್ತದ ನಡುವಿನ ಸುತ್ತುಗಳು, ಮಡಿಸುವ ಕೊಡೆಯ ಕೋಲು ಒಂದರೊಳಗಿಂದ ಒಂದು ಬರುತ್ತದಲ್ಲ, ಹಾಗೆ ಮೇಲಕ್ಕೆ ಬಂದಿದ್ದವು. ಮತ್ತೆ ಚಿಗುರುವುದು ಅವನಿಗೆ ಗೊತ್ತಿತ್ತು. ಮೂರೇ ಗಂಟೆಯಲ್ಲಿ ಏಳುತ್ತದೆಂದು ಗೊತ್ತಿರಲಿಲ್ಲ. ಕತ್ತರಿಸಿದ ಮೇಲೆ ಯಾರು ಅಲ್ಲೇ ಕೂತು ನೋಡುತ್ತಾರೆ?

"ಸ್ವಲ್ಪ ಸರ್ಕೊಳ್ಳಿ, ಅಳತೆ ನನ್ನ ಕೆಲಸ," ಎನ್ನುತ್ತ ಟೈಲರಕ್ಕ ಕೊರಳಲ್ಲಿ ಟೇಪು ತೂಗಿಕೊಂಡು ಬಂದೇಬಿಟ್ಟಳು. ಮಂಡಿಯೂರಿ, ಕಣ್ಣು ಕಿರಿದು ಮಾಡಿ ಅಳೆದಳು. "ಕಾಲು ಇಂಚು! ದೇವರಾಣೆ!"

ಸುದ್ದಿ ಬೀದಿಗೆ ಹಬ್ಬಿತು. ಲೀಕ್ ಸಿಕ್ಕವರು ಬಂದರು, ಸಿಗದವರೂ ಬಂದರು. ಕಟಿಂಗಿಗೆ ಬಂದ ಗಿರಾಕಿ ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಹಿತ್ತಲಿಗೆ ಬಂದು ಕೂತ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದು ಮೋಟು ದಂಟನ್ನು ನೋಡುತ್ತಿದ್ದರು.

"ಅಲುಗಾಡ್ತು!"

"ಅದು ಇರುವೆ ಕಣ್ರೀ."

"ಕತ್ತಲಲ್ಲೂ ಏಳತ್ತಾ?"

"ಮಾತಾಡಿದ್ರೆ ನಿಂತುಹೋಗತ್ತಾ?"

ಈ ಕೊನೆಯ ಪ್ರಶ್ನೆ ಬಂದ ಮೇಲೆ ಯಾರೂ ಮಾತಾಡಲಿಲ್ಲ. ಗುಮಾಸ್ತರು ನಿಂಬೆ ಗಿಡದ ನೆರಳಲ್ಲಿ ಮಣೆ ಹಾಕಿಕೊಂಡು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹೇಳಿಕೆ ಬರೆದು ಮುಗಿಸಿದರು: ಈ ಕೆಳಗೆ ಸಹಿ ಮಾಡಿದ ನಾವು ಕಣ್ಣಾರೆ ಕಂಡಂತೆ ಸದರಿ ಲೀಕ್ ಬೆಳೆಯು ಪುನಃ ಬಿತ್ತನೆಯ ಅಗತ್ಯವಿಲ್ಲದೆ, ಕತ್ತರಿಸಿದಷ್ಟೂ ಚಿಗುರಿ, ಸದರಿ ನೆಲದಲ್ಲಿ ಶಾಶ್ವತವಾಗಿ ನಿಲ್ಲತಕ್ಕದ್ದಾಗಿದೆ. ಹನ್ನೊಂದು ಜನ ಸಹಿ ಹಾಕಿದರು. ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದವನು ಕತ್ತರಿಯಣ್ಣ.

ಐದಕ್ಕೆ ಸರಿಯಾಗಿ ಓನರಮ್ಮ ಮೇಸ್ತ್ರಿಯ ಜೊತೆ ಬಂದರು. ಹಿತ್ತಲಲ್ಲಿ ಅಷ್ಟು ಜನ ಸದ್ದಿಲ್ಲದೆ ಸುತ್ತಲೂ ಕೂತಿದ್ದು ಕಂಡು ಗಾಬರಿಯಾದರು.

"ಏನಾಯ್ತು? ಯಾರಿಗೇನಾಯ್ತು?"

"ಶ್!" ಎಂದರು ಹನ್ನೊಂದು ಜನ.

ಓನರಮ್ಮ ಚಪ್ಪಲಿ ಬಿಟ್ಟು ಮೆಲ್ಲಗೆ ಬಂದು ತಾವೂ ಕೂತರು. ಟೈಲರಕ್ಕ ಟೇಪು ಹಿಡಿದಳು. "ಬೆಳಿಗ್ಗೆ ಕತ್ತರಿಸಿದ್ದು ಅರ್ಧ ಇಂಚು. ಮಧ್ಯಾಹ್ನ ಕತ್ತರಿಸಿದ್ದು ಕಾಲು. ನೀವೇ ನೋಡಿ."

ಓನರಮ್ಮ ಕನ್ನಡಕ ಮೂಗಿಗೆ ಏರಿಸಿ ನೋಡಿದರು. ಕಣ್ಣು ಅಗಲವಾಯಿತು. ಸಿಮೆಂಟು ಮರೆತುಹೋಯಿತು. "ಇದೇನು ಆಶ್ಚರ್ಯನಪ್ಪಾ! ಮತ್ತೆ ಬಿತ್ತೋದೇ ಬೇಡ್ವಾ?"

"ಬೇಡಮ್ಮಾ! ಮೂರು ವರ್ಷದ ಹಿಂದೆ ನೆಟ್ಟಿದ್ದು, ಅಷ್ಟೇ," ಎಂದ ಕತ್ತರಿಯಣ್ಣ.

"ಚಳಿಗೆ, ಬಿಸಿಲಿಗೆ ಸಾಯಲ್ವಾ?"

"ಸೊರಗತ್ತೆ, ಸಾಯಲ್ಲ. ಹೂ ಬಿಟ್ಟರೂ ಬುಡದಲ್ಲಿ ಮರಿ ಹಾಕತ್ತೆ."

"ನಾಳೆ ನೀನೇ ಮನೆ ಖಾಲಿ ಮಾಡ್ಕೊಂಡು ಹೋದ್ರೂ?"

ಗೆದ್ದ ಹುಮ್ಮಸ್ಸು ತಲೆಗೆ ಏರಿತ್ತು. ಕತ್ತರಿಯಣ್ಣ ಎದೆ ತಟ್ಟಿಕೊಂಡು ಹೇಳಿದ. "ನಾನು ಇರಲಿ ಬಿಡಲಿ ಅಮ್ಮಾ, ಇದು ಇಲ್ಲೇ ಇರತ್ತೆ! ನಿಮ್ಮ ನಿಂಬೆ ಗಿಡ ಇದೆಯಲ್ಲ, ಥೇಟ್ ಹಾಗೆ!"

ಗುಮಾಸ್ತರು ಎದ್ದು ಕಾಗದವನ್ನು ಎರಡೂ ಕೈಯಲ್ಲಿ ಒಪ್ಪಿಸಿದರು. ಓನರಮ್ಮ ನಿಧಾನವಾಗಿ ಓದಿದರು. ಮೇಸ್ತ್ರಿಗೆ ತೋರಿಸಲು ತಂದಿದ್ದ ಕರಾರು ಪತ್ರವನ್ನು ಚೀಲದಿಂದ ತೆಗೆದು ಅದನ್ನೂ ಓದಿದರು. ನಿಂಬೆ ಗಿಡದ ಕಡೆ ನೋಡಿದರು, ಪಾತಿಯ ಕಡೆ ನೋಡಿದರು.

"ಸರಿನಪ್ಪಾ. ಸಿಮೆಂಟು ಬೇಡ. ಮೇಸ್ತ್ರೀ, ನೀವು ಹೊರಡಿ. ಕಾರು ಬೀದೀಲಿ ನಿಂತ್ಕೊಳ್ಳಲಿ."

ಜನ ಚಪ್ಪಾಳೆ ತಟ್ಟಿದರು. ಕತ್ತರಿಯಣ್ಣನ ಕಣ್ಣಲ್ಲಿ ನೀರು ಬಂತು.

"ಇಷ್ಟು ಒಳ್ಳೇದನ್ನ ಯಾರಾದ್ರೂ ಹಾಳು ಮಾಡ್ತಾರಾ?" ಎಂದು ಓನರಮ್ಮ ಎರಡು ಕಾಗದವನ್ನೂ ಒಟ್ಟಿಗೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. "ನೆಲ ಹಿಡಿದು ಶಾಶ್ವತವಾಗಿ ನಿಲ್ಲೋದು ಮನೆಯವರದು. ಕರಾರಿನಲ್ಲೇ ಇದೆ. ನಾನು ಇಷ್ಟು ದಿನ ಹುಲ್ಲು ಅಂದ್ಕೊಂಡಿದ್ದೆ. ನಂದು ಅಂತ ಗೊತ್ತೇ ಇರ್ಲಿಲ್ಲ ನೋಡು!"

ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಅಮ್ಮಾ... ಹಾಗೇನಿಲ್ಲ ಅಮ್ಮಾ," ಕತ್ತರಿಯಣ್ಣ ತೊದಲಿದ. "ಶಾಶ್ವತ ಅಂದ್ರೆ... ಸತ್ತರೂ ಸಾಯಬಹುದು. ನಾಳೇನೇ ಸಾಯಬಹುದು."

"ಏನಯ್ಯಾ ಹೀಗಂತೀಯಾ?" ಗುಮಾಸ್ತರಿಗೆ ತಮ್ಮ ಬರಹದ ಅಪಮಾನ ಸಹಿಸಲಾಗಲಿಲ್ಲ. "ಹನ್ನೊಂದು ಸಹಿ ಬಿದ್ದಿದೆ! ಮೊದಲನೇದು ನಿಂದೇ!"

"ನಿಂಬೆ ಗಿಡಕ್ಕೆ ಹಾಕೋವಾಗ ಇದಕ್ಕೂ ಎರಡು ಚೊಂಬು ನೀರು ಹಾಕ್ತಿರಪ್ಪಾ," ಎಂದರು ಓನರಮ್ಮ ಚಪ್ಪಲಿ ಮೆಟ್ಟುತ್ತ. "ಬೆಳೆದಾಗ ಫೋನ್ ಮಾಡು, ಬರ್ತೀನಿ. ಕತ್ತರಿಸೋದು ಮಾತ್ರ ನೀನೇ. ನಿನ್ನ ಕೈ ಎಷ್ಟು ಮಟ್ಟವಾಗಿದೆ!"

ಒಬ್ಬೊಬ್ಬರಾಗಿ ಜನ ಕರಗಿದರು. ಸ್ವಲ್ಪ ಹೊತ್ತಿಗೆ ಬೀದಿಯ ಎಲ್ಲ ಅಡುಗೆಮನೆಗಳಿಂದ ಲೀಕ್ ಬೇಯುವ ಘಮ ಬಂತು. ಟೈಲರಕ್ಕನ ಮನೆಯಿಂದ ಬಂದದ್ದು ಎಲ್ಲಕ್ಕಿಂತ ಜೋರಾಗಿತ್ತು.

"ರೀ," ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ರಾತ್ರಿಗೆ ಅಂತ ಒಂದಾದ್ರೂ ಇಟ್ಟಿದೀರಾ?"

ಕತ್ತರಿಯಣ್ಣ ಪಾತಿಯ ಪಕ್ಕ ಕೂತೇ ಇದ್ದ. ನಲವತ್ತು ಮೋಟು ದಂಟುಗಳೂ ಅವನ ಕಣ್ಣೆದುರೇ ಓನರಮ್ಮನಿಗಾಗಿ ಬೆಳೆಯುತ್ತಿದ್ದವು.

ಹಿಂದಿನಿಂದ ಗುಮಾಸ್ತರು ಗಂಟಲು ಸರಿಮಾಡಿಕೊಂಡರು. ಎಡಗೆನ್ನೆ ಸವರಿಕೊಳ್ಳುತ್ತ ಹೇಳಿದರು: "ಕೇಸಂತೂ ಗೆದ್ವಿ. ಈಗ ಇದೊಂದು ಕಡೆ ಬಾಕಿ ಇದೆ, ಬೇಗ ಮುಗಿಸ್ಬಿಡಯ್ಯಾ. ಮನೇಲಿ ಸೂಪ್ ಆರಿಹೋಗತ್ತೆ."